ಜಿಮ್ ಕ್ರೈಟನ್: ಮಣಿಕಟ್ಟಿನಲ್ಲಿ ಅಡಗಿದ್ದ ಆಟ

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಕೆರೆಯ ದಡದಲ್ಲಿ ನಿಂತು ನೀರಿನ ಮೇಲೆ ಚಪ್ಪಟೆ ಕಲ್ಲು ಹಾರಿಸಿದವರು ಎಷ್ಟು ಜನ? ಹೆಚ್ಚುಕಮ್ಮಿ ಎಲ್ಲರೂ ಕೈ ಎತ್ತಿದಿರಿ. ಸಂತೋಷ. ಹಾಗಾದರೆ ನನ್ನ ಅರ್ಧ ಕೆಲಸ ಆಯಿತು. ಕಲ್ಲು ಮೂರು ನಾಲ್ಕು ಸಲ ಪುಟಿಯಬೇಕಾದರೆ ತೋಳಿನ ಬಲ ಸಾಲದು, ಅಲ್ವಾ? ಕೈಯನ್ನು ಕೆಳಗಿನಿಂದ ಬೀಸಿ, ಕಲ್ಲು ಬೆರಳು ಬಿಡುವ ಹೊತ್ತಿಗೆ ಸರಿಯಾಗಿ ಮಣಿಕಟ್ಟನ್ನು ಚಟಕ್ ಅಂತ ಒಂದು ಸಲ ತಿರುಗಿಸಬೇಕು. ಪಕ್ಕದಲ್ಲಿ ನಿಂತವರಿಗೆ ಅದು ಕಾಣುವುದೂ ಇಲ್ಲ. ಅವರಿಗೆ ಕಾಣುವುದು ಕಲ್ಲು ಓಡಿದ್ದು ಮಾತ್ರ.

ಸುಮಾರು 165 ವರ್ಷದ ಹಿಂದೆ ಅಮೆರಿಕದ ಬ್ರೂಕ್ಲಿನ್‌ನಲ್ಲಿ ಒಬ್ಬ ಹುಡುಗ ಅದೇ ಚಟಕನ್ನು ಬೇಸ್‌ಬಾಲ್ ಚೆಂಡಿಗೆ ಕೊಟ್ಟ. ಹೆಸರು ಜಿಮ್ ಕ್ರೈಟನ್. ಆಗ ಅವನಿಗೆ 18 ವರ್ಷ. 21ಕ್ಕೆ ತೀರಿಕೊಂಡ. ದೊಡ್ಡ ಮಟ್ಟದಲ್ಲಿ ಆಡಿದ್ದು ಮೂರು ಬೇಸಿಗೆ ಮಾತ್ರ. ಅದರಲ್ಲೂ ನಡುವಿನ ಒಂದು ಬೇಸಿಗೆಯನ್ನು ಯುದ್ಧ ತಿಂದುಹಾಕಿತು. ಆದರೂ ಬೇಸ್‌ಬಾಲಿನಲ್ಲಿ ದುಡ್ಡು ಪಡೆದು ಆಡಿದ ಮೊದಲ ಆಟಗಾರ ಯಾರು ಅಂತ ಕೇಳಿದರೆ, ಇತಿಹಾಸ ಬಲ್ಲ ಬಹಳ ಜನ ಇವನ ಹೆಸರನ್ನೇ ಹೇಳುತ್ತಾರೆ. ಬೇಸ್‌ಬಾಲ್ ನಮ್ಮ ಆಟವಲ್ಲ, ನಿಜ. ಆದರೆ ಈ ಹುಡುಗನ ಕಥೆ ಹೇಳುವುದಕ್ಕೆ ಕ್ರಿಕೆಟ್ ಗೊತ್ತಿರುವವರಿಗಿಂತ ಒಳ್ಳೆಯ ಕೇಳುಗರು ನನಗೆ ಸಿಗಲಾರರು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಆಗಿನ ಬೇಸ್‌ಬಾಲ್ ಹೇಗಿತ್ತು ಅಂತ ನೋಡೋಣ. ಈಗ ಟಿವಿಯಲ್ಲಿ ಕಾಣುವ ಆಟವನ್ನು ಮನಸ್ಸಿನಿಂದ ತೆಗೆದುಬಿಡಿ. ಪಿಚರ್, ಅಂದರೆ ನಮ್ಮ ಬೌಲರ್ ಇದ್ದ ಹಾಗೆ, ಕೈಯನ್ನು ತಲೆಯ ಮೇಲಿಂದ ಬೀಸಿ ಚೆಂಡನ್ನು ಸಿಡಿಸುತ್ತಾನಲ್ಲ, ಅದು ಆಗ ಇರಲೇ ಇಲ್ಲ. ಚೆಂಡನ್ನು ಕೈ ಕೆಳಗಿನಿಂದಲೇ ಹಾಕಬೇಕಿತ್ತು. ತೋಳು ನೆಟ್ಟಗೆ ಇರಬೇಕು, ಮೊಣಕೈ ಮಡಿಸುವಂತಿಲ್ಲ, ಮಣಿಕಟ್ಟು ತಿರುಗಿಸುವಂತಿಲ್ಲ. ನಿಯಮದಲ್ಲಿ ಬರೆದದ್ದು ಇಷ್ಟು: ಚೆಂಡನ್ನು ಬ್ಯಾಟಿನ ಕಡೆಗೆ ಹಾಕಬೇಕು, ಜರ್ಕ್ ಮಾಡಬಾರದು, ಎಸೆಯಬಾರದು. 'ಪಿಚ್' ಅನ್ನುವ ಪದಕ್ಕೆ ಆಗ ಇದ್ದ ಅರ್ಥವೇ ಅದು. ಕುದುರೆ ಲಾಳವನ್ನು ದೂರದ ಗೂಟಕ್ಕೆ ಸಿಕ್ಕುವ ಹಾಗೆ ಹಾಕುವ ಆಟ ಇದೆಯಲ್ಲ, ಆ ರೀತಿ ಮೆತ್ತಗೆ ಹಾಕುವುದು.

ಪಿಚರ್ ನಿಲ್ಲುತ್ತಿದ್ದ ದೂರ 45 ಅಡಿ. ಕ್ರಿಕೆಟ್ ಪಿಚ್ಚಿನ ಉದ್ದ 66 ಅಡಿ ಅಂತ ನಿಮಗೆ ಗೊತ್ತು. ಅದರ ಮುಕ್ಕಾಲು ಭಾಗವೂ ಇಲ್ಲ! ಅಷ್ಟು ಹತ್ತಿರದಿಂದ ಹಾಕಿದರೂ ಯಾರಿಗೂ ಭಯ ಇರಲಿಲ್ಲ. ಏಕೆಂದರೆ ಪಿಚರ್ ಕೆಲಸ ಬ್ಯಾಟ್ಸ್‌ಮನ್‌ನನ್ನು ಸೋಲಿಸುವುದು ಅಂತ ಯಾರೂ ಅಂದುಕೊಂಡಿರಲಿಲ್ಲ. ಚೆಂಡನ್ನು ಹದವಾಗಿ ಕೊಡುವುದು ಅವನ ಕೆಲಸ. ಹೊಡೆಯುವವನು ಹೊಡೆದು, 'ಬೇಸ್' ಅನ್ನುವ ನಾಲ್ಕು ಮೂಲೆಗಳನ್ನು ಸುತ್ತಿ ಬಂದರೆ ಒಂದು ರನ್, ಮೈದಾನದಲ್ಲಿ ಇರುವವರು ಓಡಿ ಹಿಡಿಯುತ್ತಾರೆ. ಆಟದ ಮಜಾ ಎಲ್ಲ ಆ ಓಟದಲ್ಲೇ ಇತ್ತು. ಮದುವೆ ಊಟದಲ್ಲಿ ಬಡಿಸುವವನು ಮುಖ್ಯನೇ, ಆದರೆ ಊಟ ಅವನದಲ್ಲ. ಪಿಚರ್ ಆಗ ಹೀಗೇ ಇದ್ದ.

ಇನ್ನೊಂದು ವಿಷಯ. ಕೈಗವಸು ಇರಲಿಲ್ಲ. ಬ್ಯಾಟ್ಸ್‌ಮನ್ ಹಿಂದೆ ನಿಲ್ಲುವ ಕ್ಯಾಚರ್ ಮುಖಕ್ಕೆ ಜಾಲರಿ ಇರಲಿಲ್ಲ. ಚೆಂಡು ಒಂದು ಸಲ ನೆಲಕ್ಕೆ ಪುಟಿದ ಮೇಲೆ ಹಿಡಿದರೂ ಔಟ್. ಈ ಬರಿಗೈ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ದುಡ್ಡಿನ ಬಗ್ಗೆಯೂ ನಿಯಮ ಇತ್ತು. 1857ರಲ್ಲಿ ನ್ಯೂಯಾರ್ಕ್ ಸುತ್ತಮುತ್ತಲಿನ ಕ್ಲಬ್ಬುಗಳೆಲ್ಲ ಸೇರಿ ಸಭೆ ನಡೆಸಿ ಆಟಕ್ಕೆ ಒಂಬತ್ತು ಇನಿಂಗ್ಸ್ ಅಂತ ಗೊತ್ತುಮಾಡಿದವು. ಅದರ ಬೆನ್ನಿಗೇ ಒಂದು ರಾಷ್ಟ್ರೀಯ ಸಂಘ ಹುಟ್ಟಿತು. ದುಡ್ಡು ತೆಗೆದುಕೊಂಡು ಆಡುವವರಿಗೆ ಆ ಸಂಘದ ಪಂದ್ಯಗಳಲ್ಲಿ ಜಾಗವಿಲ್ಲ ಅಂತ ಕಟ್ಟುಪಾಡು ಆಯಿತು. ಆಡುವವರು ಅಂಗಡಿ ಮಾಲೀಕರು, ಗುಮಾಸ್ತರು, ಡಾಕ್ಟರು, ವಕೀಲರು. ಸಂಜೆ ಕೆಲಸ ಮುಗಿಸಿ ಬಂದು ಆಡಬೇಕು, ಆಮೇಲೆ ಎದುರು ತಂಡದವರ ಜೊತೆ ಕೂತು ಊಟ ಮಾಡಬೇಕು. ಆಟ ಅಂದರೆ ಅದು.

ಅಂದರೆ ಎರಡು ಬೇಲಿಗಳು. ಮಣಿಕಟ್ಟು ತಿರುಗಿಸಬಾರದು. ದುಡ್ಡು ಮುಟ್ಟಬಾರದು. ಜಿಮ್ ಕ್ರೈಟನ್ ಎರಡನ್ನೂ ದಾಟಿದ, ಯಾರಿಗೂ ಕಾಣದ ಹಾಗೆ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದನ್ನೇ.

ಅವನು ಹುಟ್ಟಿದ್ದು 1841ರ ಏಪ್ರಿಲ್ 15ರಂದು, ಮ್ಯಾನ್‌ಹಟನ್‌ನಲ್ಲಿ. ಬೆಳೆದದ್ದು ಬ್ರೂಕ್ಲಿನ್‌ನಲ್ಲಿ. ಬ್ರೂಕ್ಲಿನ್ ಆಗ ನ್ಯೂಯಾರ್ಕಿಗೆ ಸೇರಿರಲಿಲ್ಲ, ಬೇರೆಯದೇ ಊರು. ನ್ಯೂಯಾರ್ಕನ್ನು ಕಂಡರೆ ಒಂದಿಷ್ಟು ಪೈಪೋಟಿಯೂ ಇದ್ದ ಊರು. ಅಲ್ಲಿ ಮನೆಗೊಂದು ಹುಡುಗ, ಬೀದಿಗೊಂದು ತಂಡ. ಜಿಮ್ ಕ್ರಿಕೆಟ್ಟನ್ನೂ ಆಡುತ್ತಿದ್ದ. ಇದನ್ನು ಕೇಳಿ ಆಶ್ಚರ್ಯ ಪಡಬೇಡಿ. 1850ರ ದಶಕದ ಅಮೆರಿಕದಲ್ಲಿ ಕ್ರಿಕೆಟ್ ಬೇಸ್‌ಬಾಲಿಗೆ ಹೆಗಲೆಣೆಯಾಗಿ ನಿಂತಿದ್ದ ಆಟ. ಕ್ರಿಕೆಟ್ ಚರಿತ್ರೆಯಲ್ಲಿ ಇಂಗ್ಲೆಂಡ್ ತಂಡದ ಮೊಟ್ಟಮೊದಲ ವಿದೇಶ ಪ್ರವಾಸ ಎಲ್ಲಿಗೆ ಹೇಳಿ ನೋಡೋಣ. ಆಸ್ಟ್ರೇಲಿಯಾಕ್ಕಲ್ಲ. 1859ರಲ್ಲಿ ಜಾರ್ಜ್ ಪಾರ್ ನಾಯಕತ್ವದಲ್ಲಿ ಅವರು ಹೋದದ್ದು ಕೆನಡಾ ಮತ್ತು ಅಮೆರಿಕಕ್ಕೆ.

ಅದೇ 1859ರ ಜುಲೈಯಲ್ಲಿ ಜಿಮ್ 'ನಯಾಗರಾ' ಅನ್ನುವ ಚಿಕ್ಕ ತಂಡದಲ್ಲಿದ್ದ. ಎದುರಾಳಿ 'ಸ್ಟಾರ್' ತಂಡ. ನಯಾಗರಾ ಹಿಂದೆ ಬಿದ್ದಿತ್ತು. ಪಿಚರ್ ಬದಲಾಯಿಸಿ ಜಿಮ್ ಕೈಗೆ ಚೆಂಡು ಕೊಟ್ಟರು. ಅವನು ಚೆಂಡನ್ನು ನೆಲದ ಹತ್ತಿರ, ಹೆಚ್ಚುಕಮ್ಮಿ ಹುಲ್ಲಿಗೆ ತಾಗುವಷ್ಟು ಕೆಳಗಿನಿಂದ ಬಿಟ್ಟ. ಅದು ಮೇಲಕ್ಕೆ ಏರುತ್ತಾ ಬಂದು ಬ್ಯಾಟ್ಸ್‌ಮನ್ ಸೊಂಟದ ಪಕ್ಕದಲ್ಲಿ ಸುಯ್ ಅಂತ ಹೋಯಿತು. ಇಂಥ ಚೆಂಡನ್ನು ಅವರು ಯಾವತ್ತೂ ಕಂಡಿರಲಿಲ್ಲ. ಹೊಡೆಯುವುದು ಹೇಗೆ ಅಂತಲೇ ತಿಳಿಯಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮುಂದಿನ ಸಾಲಿನಲ್ಲಿರುವ ಈ ಹುಡುಗ ಬಾಪ್ಪಾ, ಈ ಟೆನಿಸ್ ಚೆಂಡು ಹಿಡಿ. ತೋಳು ಇಳಿಬಿಡು. ಗಡಿಯಾರದ ಲೋಲಕದ ಹಾಗೆ ಹಿಂದೆ ಮುಂದೆ ತೂಗು. ಈಗ ಹಾಗೇ ಬಿಡು. ನೋಡಿದಿರಲ್ಲ, ಚೆಂಡು ಮೆಲ್ಲಗೆ ಗೋಡೆಯ ತನಕ ಹೋಯಿತು. ಈಗ ಇನ್ನೊಂದು ಸಲ. ಎಲ್ಲ ಹಾಗೇ ಮಾಡು. ಆದರೆ ಬಿಡುವಾಗ ಕಲ್ಲು ಹಾರಿಸುವ ಹಾಗೆ ಮಣಿಕಟ್ಟು ಕೊಡು. ಕೇಳಿಸಿತಲ್ಲ ಗೋಡೆಗೆ ಬಡಿದ ಸದ್ದು? ನೀವೆಲ್ಲ ಅವನ ಕೈಯನ್ನೇ ನೋಡುತ್ತಿದ್ದಿರಿ. ಎರಡು ಎಸೆತಕ್ಕೂ ಏನು ವ್ಯತ್ಯಾಸ ಕಂಡಿತು ಅಂತ ಹೇಳಿ. ಹೇಳುವುದು ಕಷ್ಟ, ಅಲ್ವಾ? ಇನ್ನು ಅಂಪೈರ್ ನಿಲ್ಲುತ್ತಿದ್ದದ್ದು ಬ್ಯಾಟ್ಸ್‌ಮನ್ ಕಡೆ, ಒಂದು ಪಕ್ಕಕ್ಕೆ. ಅವರಿಗೆ ಎಲ್ಲಿ ಕಾಣಬೇಕು!

(ಇಲ್ಲಿ ಸಭೆಯಲ್ಲಿದ್ದ ಹಿರಿಯರೊಬ್ಬರು, 'ಅಂದ್ರೆ ಇದು ಚಕ್ಕಿಂಗ್ ತಾನೇ?' ಅಂತ ಕೇಳಿದರು. ಸರಿಯಾದ ಜಾಗಕ್ಕೇ ಕೈ ಹಾಕಿದ ಪ್ರಶ್ನೆ ಅದು.)

ಸರ್, ಇದೇ ಮಾತನ್ನು ಒಬ್ಬ ಇಂಗ್ಲಿಷ್ ಕ್ರಿಕೆಟಿಗ ಆಗಲೇ ಹೇಳಿದ್ದರಂತೆ. ಜಾನ್ ಲಿಲ್ಲಿವೈಟ್. 1859ರ ಆ ಪ್ರವಾಸದಲ್ಲಿ ಬಂದಿದ್ದವರು. ಜಿಮ್ ಚೆಂಡು ಹಾಕುವುದನ್ನು ನೋಡಿ, ಇವನು ಮಾಡುತ್ತಿರುವುದು ಬೌಲಿಂಗ್ ಅಲ್ಲ, ಕೈ ಕೆಳಗಿನಿಂದ ಎಸೆಯುತ್ತಿದ್ದಾನೆ ಅಂದರಂತೆ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದರಂತೆ. ಇಷ್ಟು ಚೆನ್ನಾಗಿ ಮರೆಮಾಡಿದ ಎಸೆತವನ್ನು ತಾನು ಕಂಡೇ ಇಲ್ಲ, ನೋಡಿದವರು ಸರಿಯಾದ ಬೌಲಿಂಗ್ ಅಂತಲೇ ನಂಬಬಹುದು ಅಂತ. ನನಗೆ ಈ ಮಾತು ಬಹಳ ಇಷ್ಟ. ತಪ್ಪು ಕಂಡುಹಿಡಿದ ಕಣ್ಣೇ ಕಸುಬಿಗೆ ತಲೆಬಾಗಿದೆ. ಕಸುಬುದಾರನಿಗೆ ಮಾತ್ರ ಕಸುಬುದಾರ ಕಾಣುತ್ತಾನೆ.

ಹಾಗಾದರೆ ಜಿಮ್ ಮಾಡಿದ್ದು ಮೋಸವೇ? ನಿಯಮದ ಅಕ್ಷರ ಹಿಡಿದರೆ ಬಹುಶಃ ಹೌದು. ಆದರೆ ಆ ಅಕ್ಷರ ಬರೆದವರು ಪಿಚರ್‌ನಿಂದ ಏನನ್ನು ಕಿತ್ತುಕೊಂಡಿದ್ದರು ಅಂತಲೂ ನೋಡಬೇಕು. ಒಂಬತ್ತು ಜನರಲ್ಲಿ ಚೆಂಡನ್ನು ಎಲ್ಲರಿಗಿಂತ ಜಾಸ್ತಿ ಮುಟ್ಟುವವನು ಅವನು. ಅವನಿಗೆ ಮಾತ್ರ ಗೆಲ್ಲುವ ಆಸೆ ಇರಬಾರದು ಅಂದರೆ ಹೇಗೆ? ಜಿಮ್ ಆ ಆಸೆಯನ್ನು ಮಣಿಕಟ್ಟಿನೊಳಗೆ ಇಟ್ಟುಕೊಂಡ. ನನ್ನ ಮಟ್ಟಿಗೆ, ಬೇಸ್‌ಬಾಲ್ ಇವತ್ತಿನ ಬೇಸ್‌ಬಾಲ್ ಆದದ್ದು ಆ ಗಳಿಗೆಯಲ್ಲಿ. ಬಡಿಸುವವನು ಎದುರಾಳಿಯಾದ.

ವೇಗ ಒಂದೇ ಆಗಿದ್ದರೆ ಜನ ಬೇಗ ಕಲಿತುಬಿಡುತ್ತಿದ್ದರು. ಅವನ ಹತ್ತಿರ ಇನ್ನೊಂದು ಎಸೆತ ಇತ್ತು. ಅದೇ ಬೀಸು, ಅದೇ ಓಟ, ಆದರೆ ಚೆಂಡು ನಿಧಾನವಾಗಿ ತೇಲಿಕೊಂಡು ಬರುತ್ತಿತ್ತು. ಅದನ್ನು 'ಇಬ್ಬನಿ ಹನಿ' ಅಂತ ಕರೆಯುತ್ತಿದ್ದರು. ವೇಗದ ಚೆಂಡಿಗೆ ಕಾದು ನಿಂತವನು ಮೊದಲೇ ಬ್ಯಾಟ್ ಬೀಸಿ ತತ್ತರಿಸುತ್ತಿದ್ದ. ನಮ್ಮಲ್ಲಿ ವೇಗದ ಬೌಲರ್ ಓವರಿನ ನಡುವೆ ಒಂದು ನಿಧಾನದ ಚೆಂಡು ಹಾಕಿದಾಗ ಆಗುತ್ತದಲ್ಲ, ಹಾಗೇ.

ಆ ಪಂದ್ಯವಾದ ಮೇಲೆ ಸ್ಟಾರ್ ತಂಡದವರು ಅವನನ್ನು ತಮ್ಮ ಕಡೆಗೆ ಸೆಳೆದುಕೊಂಡರು. ಅಲ್ಲೂ ಹೆಚ್ಚು ದಿನ ಇರಲಿಲ್ಲ. 1860ರ ಹೊತ್ತಿಗೆ ಅವನೂ ಅವನ ಗೆಳೆಯ ಜಾರ್ಜ್ ಫ್ಲಾನ್ಲಿಯೂ ಬ್ರೂಕ್ಲಿನ್‌ನ ಎಕ್ಸೆಲ್ಸಿಯರ್ ಕ್ಲಬ್ಬಿನಲ್ಲಿದ್ದರು. ಎಕ್ಸೆಲ್ಸಿಯರ್ ಅಂದರೆ ದೊಡ್ಡ ಮನೆತನದವರ, ವ್ಯಾಪಾರಿಗಳ ಕ್ಲಬ್. ಒಬ್ಬ ಬಡ ಹುಡುಗ ಒಂದೇ ವರ್ಷದಲ್ಲಿ ಮೂರನೇ ತಂಡಕ್ಕೆ, ಅದೂ ಅಂಥ ಕ್ಲಬ್ಬಿಗೆ, ಸುಮ್ನೆ ಹೋಗುತ್ತಾನೆಯೇ? ಒಳಗಿಂದೊಳಗೆ ದುಡ್ಡು ಕೊಟ್ಟಿರಬೇಕು ಅನ್ನುವುದು ಇತಿಹಾಸಕಾರರ ಊಹೆ. ರಶೀದಿ ಇಲ್ಲ, ಲೆಕ್ಕದ ಪುಸ್ತಕ ಇಲ್ಲ. ಇರುವುದಕ್ಕೂ ಸಾಧ್ಯವಿಲ್ಲ. ನಿಯಮದ ಪ್ರಕಾರ ಅದು ನಡೆಯಲೇಬಾರದ ವ್ಯವಹಾರ. ಹಾಗಾಗಿ 'ಮೊದಲ ವೃತ್ತಿಪರ' ಅಂತ ನಾನು ಹೇಳುವಾಗ ಅದು ಸಾಕ್ಷಿ ಸಿಕ್ಕ ಮಾತು ಅಂತ ತಿಳಿಯಬೇಡಿ. ಬಹಳ ಜನ ಒಪ್ಪಿದ ನಂಬಿಕೆ, ಅಷ್ಟೇ. ನಾನೂ ಅದನ್ನು ಒಪ್ಪುತ್ತೇನೆ.

ಈಗ 1860ರ ಬೇಸಿಗೆ. ಇದರ ಬಗ್ಗೆ ಎಷ್ಟು ಹೇಳಿದರೂ ನನಗೆ ತೃಪ್ತಿ ಇಲ್ಲ.

ಜೂನ್ ಕೊನೆಯಲ್ಲಿ ಎಕ್ಸೆಲ್ಸಿಯರ್ ತಂಡ ಊರು ಬಿಟ್ಟು ಪ್ರವಾಸ ಹೊರಟಿತು. ಬೇಸ್‌ಬಾಲ್ ತಂಡವೊಂದು ಹೀಗೆ ಊರಿಂದೂರಿಗೆ ಆಡುತ್ತಾ ಹೋದದ್ದು ಅದೇ ಮೊದಲು. ಆಲ್ಬನಿ, ಟ್ರಾಯ್, ಬಫಲೋ, ರಾಚೆಸ್ಟರ್, ನ್ಯೂಬರ್ಗ್. ಪ್ರತಿ ಊರಲ್ಲೂ ಒಂದು ತಂಡ ಇತ್ತು, ತಾವೂ ಚೆನ್ನಾಗಿಯೇ ಆಡುತ್ತೇವೆ ಅಂತ ನಂಬಿಕೊಂಡಿತ್ತು. ಆಲ್ಬನಿಯಲ್ಲಿ 24-6. ಬಫಲೋದಲ್ಲಿ 50-19. ಒಂದು ಪಂದ್ಯವನ್ನೂ ಎಕ್ಸೆಲ್ಸಿಯರ್ ಸೋಲಲಿಲ್ಲ. ಆಮೇಲೆ ಬಾಲ್ಟಿಮೋರ್‌ಗೂ ಫಿಲಡೆಲ್ಫಿಯಾಕ್ಕೂ ಹೋಗಿ ಬಂದರು. ನಮ್ಮ ಕಂಪನಿ ನಾಟಕದವರು ಬಂದುಹೋದ ಊರಲ್ಲಿ ಹುಡುಗರೆಲ್ಲ ಬಣ್ಣ ಹಚ್ಚಿಕೊಂಡು ಕುಣಿಯುತ್ತಿದ್ದರಲ್ಲ, ಅಲ್ಲೂ ಹಾಗೇ ಆಯಿತು. ಅವರು ಹೋದ ಮೇಲೆ ಪ್ರತಿ ಊರಿನ ಹುಡುಗರೂ ಜಿಮ್ ಹಾಗೆ ಚೆಂಡು ಬಿಡಲು ಹೊರಟರು. ಮಣಿಕಟ್ಟಿನ ಗುಟ್ಟು ತಿಳಿಯದೆ ಬರೀ ಜೋರಾಗಿ ಬೀಸಿದರು. ಚೆಂಡು ಎಲ್ಲೆಲ್ಲೋ ಹೋಗುತ್ತಿತ್ತು.

ಆ ಪ್ರವಾಸದಲ್ಲಿ ನಾನು ಮರೆಯಬಾರದ ಇನ್ನೊಬ್ಬರಿದ್ದಾರೆ. ಕ್ಯಾಚರ್ ಜೋ ಲೆಗೆಟ್, ತಂಡದ ನಾಯಕ. ಆಗಲೇ ಹೇಳಿದ ಬರಿಗೈ ವಿಷಯ ನೆನಪಿಸಿಕೊಳ್ಳಿ. 45 ಅಡಿಯಿಂದ ಬಂದ ಜಿಮ್‌ನ ಚೆಂಡನ್ನು, ಬ್ಯಾಟಿಗೆ ಸಿಗದೆ ಹೋದ ಒಂದೊಂದನ್ನೂ, ಲೆಗೆಟ್ ಬರಿಗೈಯಲ್ಲಿ ತಡೆಯಬೇಕು. ಪಂದ್ಯ ಮುಗಿಯುವ ಹೊತ್ತಿಗೆ ಆ ಅಂಗೈ ಹೇಗಿದ್ದಿರಬೇಕು ಅಂತ ಯೋಚಿಸಿ. ಅಂಥ ಕೈ ಹಿಂದೆ ಇದ್ದದ್ದಕ್ಕೇ ಜಿಮ್ ಧೈರ್ಯವಾಗಿ ವೇಗ ಹಾಕಿದ.

ಬ್ಯಾಟಿಂಗಿನಲ್ಲೂ ಅವನು ಕಡಿಮೆ ಇರಲಿಲ್ಲ. ಆ ವರ್ಷದ 20 ಪಂದ್ಯಗಳಲ್ಲಿ 47 ರನ್ ಅನ್ನುವುದು ಅವನ ಬಗ್ಗೆ ಬರೆದವರೆಲ್ಲ ಕೊಡುವ ಲೆಕ್ಕ. ಬೇಸ್‌ಬಾಲಿನಲ್ಲಿ ಒಬ್ಬೊಬ್ಬ ಒಂದು ಪಂದ್ಯದಲ್ಲಿ ನಾಲ್ಕೈದು ಸಲ ಬ್ಯಾಟ್ ಹಿಡಿಯುತ್ತಾನೆ. ಒಂದು ಪಂದ್ಯಕ್ಕೆ ಸರಾಸರಿ ಎರಡಕ್ಕಿಂತ ಹೆಚ್ಚು ರನ್ ಅಂದರೆ ಅದೆಂಥ ಆಟ ಅಂತ ನೀವೇ ಲೆಕ್ಕ ಹಾಕಿ.

ಈ ಅಂಕಿಗಳು ನಮಗೆ ಸಿಕ್ಕಿರುವುದು ಆಗಿನ ಪತ್ರಿಕೆಗಳಿಂದ. ಆ ಕಾಲದ ಬೇಸ್‌ಬಾಲ್ ವರದಿಗಾರರಲ್ಲಿ ಮುಖ್ಯರು ಹೆನ್ರಿ ಚಾಡ್ವಿಕ್. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿ ಹುಡುಗನಾಗಿದ್ದಾಗ ಬ್ರೂಕ್ಲಿನ್‌ಗೆ ಬಂದವರು, ಕ್ರಿಕೆಟ್ ವರದಿಗಾರರು. ಕ್ರಿಕೆಟ್ಟಿನ ಸ್ಕೋರ್ ಬರೆಯುವ ಕ್ರಮವನ್ನು ಬೇಸ್‌ಬಾಲಿಗೆ ಹೊಂದಿಸಿದವರಲ್ಲಿ ದೊಡ್ಡ ಹೆಸರು ಅವರದು. ಯಾರು ಎಷ್ಟು ಹೊಡೆದರು, ಯಾರು ಎಷ್ಟು ಸಲ ಔಟಾದರು ಅಂತ ಪಟ್ಟಿ ಹಾಕಿ ಅಚ್ಚು ಮಾಡಿದರು. ಬೇಸ್‌ಬಾಲಿನ ಅಂಕಿ ಅಂಶಗಳ ಹುಚ್ಚು ಶುರುವಾದದ್ದು ಹೀಗೆ. ಒಬ್ಬ ಹುಡುಗನ ಮೂರು ಬೇಸಿಗೆಯ ಆಟ ಇವತ್ತಿಗೂ ಉಳಿದಿದೆ ಅಂದರೆ ಬರೆದಿಟ್ಟವರು ಇದ್ದರು ಅಂತಲೇ. ಹಾಗೆ ಬರೆದಿಡುವವರು ಯಾರೂ ಇಲ್ಲದೆ ಕಳೆದುಹೋದ ಎಷ್ಟು ಆಟಗಾರರಿದ್ದಾರೋ!

ಅದೇ ವರ್ಷ ಬ್ರೂಕ್ಲಿನ್‌ನ ಇನ್ನೊಂದು ದೊಡ್ಡ ತಂಡ ಅಟ್ಲಾಂಟಿಕ್ ಜೊತೆ ಮೂರು ಪಂದ್ಯಗಳ ಸರಣಿ. ಅಟ್ಲಾಂಟಿಕ್ ತಂಡದ ಹಿಂದೆ ಇದ್ದದ್ದು ದುಡಿಯುವ ಜನ, ಅದರಲ್ಲಿ ಐರಿಷ್ ಮೂಲದವರು ಬಹಳ. ಜುಲೈ 19ರ ಮೊದಲ ಪಂದ್ಯ ಎಕ್ಸೆಲ್ಸಿಯರ್‌ಗೆ, 23-4. ಆಗಸ್ಟ್ 9ರ ಎರಡನೆಯದು ಅಟ್ಲಾಂಟಿಕ್‌ಗೆ, 15-14. ಒಂದೇ ರನ್ ಅಂತರ! ಅಟ್ಲಾಂಟಿಕ್‌ನವರು ಕಲಿತುಬಿಟ್ಟಿದ್ದರು. ಬ್ಯಾಟ್ ಬೀಸದೆ ಸುಮ್ಮನೆ ನಿಂತು ಚೆಂಡುಗಳನ್ನು ಹೋಗಲು ಬಿಡುವುದು, ಪಿಚರ್ ಸುಸ್ತಾಗುವ ತನಕ ಕಾಯುವುದು. ಕೆಟ್ಟ ಚೆಂಡಿಗೆ ಪಿಚರ್‌ಗೆ ದಂಡ ಇರಲಿಲ್ಲ. ಒಳ್ಳೆಯ ಚೆಂಡನ್ನು ಬಿಟ್ಟರೆ ಬ್ಯಾಟ್ಸ್‌ಮನ್‌ಗೆ ದಂಡ ಹಾಕಬಹುದು ಅಂತ 1858ರಿಂದ ನಿಯಮ ಇತ್ತು, ಆದರೆ ಅಂಪೈರ್‌ಗಳು ಹಿಂದೇಟು ಹಾಕುತ್ತಿದ್ದರು. ಹೀಗಾಗಿ ಪಿಚರ್ ಒಂದೇ ಪಂದ್ಯದಲ್ಲಿ ನೂರಾರು ಚೆಂಡು ಹಾಕಬೇಕಾಗುತ್ತಿತ್ತು. ಬದಲಿ ಪಿಚರ್‌ಗಳ ಸಾಲು ಇರಲಿಲ್ಲ. ಅದೇ ಕೈ, ಅದೇ ಸೊಂಟ, ಅದೇ ಹೊಟ್ಟೆಯ ಸ್ನಾಯು, ಅದೇ ತಿರುವು.

ಆಗಸ್ಟ್ 23ರ ಮೂರನೇ ಪಂದ್ಯ ಪೂರ್ತಿ ನಡೆಯಲಿಲ್ಲ. ಸಾವಿರಾರು ಜನ ಸೇರಿದ್ದರು, ಬಾಜಿ ಕಟ್ಟಿದವರೂ ಅವರಲ್ಲಿದ್ದರು. ಎಕ್ಸೆಲ್ಸಿಯರ್ 8-6ರಲ್ಲಿ ಮುಂದಿತ್ತು. ಅಂಪೈರ್ ತೀರ್ಪಿಗೆ ಜನ ಕೂಗಾಡಿದರು, ಬೈಗುಳ ಶುರುವಾಯಿತು. ಲೆಗೆಟ್ ಒಂದು ಸಲ ಎಚ್ಚರಿಸಿದರು. ನಿಲ್ಲಲಿಲ್ಲ. ತಂಡವನ್ನು ಕರೆದುಕೊಂಡು ಮೈದಾನದಿಂದ ಹೊರಟೇಬಿಟ್ಟರು. ಗೆಲ್ಲುತ್ತಿದ್ದ ಪಂದ್ಯವನ್ನು ಬಿಟ್ಟು! ಆ ಎರಡು ತಂಡಗಳು ಮತ್ತೆಂದೂ ಎದುರಾಗಲಿಲ್ಲ.

ನವೆಂಬರ್‌ನಲ್ಲಿ ಸೇಂಟ್ ಜಾರ್ಜ್ ಕ್ರಿಕೆಟ್ ಕ್ಲಬ್ಬಿನವರ ಜೊತೆ ಒಂದು ಬೇಸ್‌ಬಾಲ್ ಪಂದ್ಯ. ಎಕ್ಸೆಲ್ಸಿಯರ್ 25, ಸೇಂಟ್ ಜಾರ್ಜ್ ಸೊನ್ನೆ. 20, 30 ರನ್ ಬರುವುದು ಮಾಮೂಲಾಗಿದ್ದ ಕಾಲದಲ್ಲಿ ಒಂಬತ್ತು ಇನಿಂಗ್ಸಿಗೆ ಒಂದೂ ರನ್ ಕೊಡದಿರುವುದು! ದಾಖಲೆಯಲ್ಲಿ ಸಿಗುವ ಮೊದಲ ಅಂಥ ಪಂದ್ಯ ಇದು ಅನ್ನುತ್ತಾರೆ.

ಮುಂದಿನ ವರ್ಷ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. 1861ರಲ್ಲಿ ಎಕ್ಸೆಲ್ಸಿಯರ್ ತಂಡ ಹೆಚ್ಚುಕಮ್ಮಿ ಆಡಲೇ ಇಲ್ಲ. ಕ್ಲಬ್ಬಿನವರು ಬಹಳ ಜನ ಉತ್ತರದ ಸೈನ್ಯಕ್ಕೆ ಸೇರಿದರು. ಮೊದಲ ಬೇಸಿನಲ್ಲಿ ನಿಲ್ಲುತ್ತಿದ್ದ ಡಾಕ್ಟರ್ ಪಿಯರ್ಸಾಲ್ ಮಾತ್ರ ದಕ್ಷಿಣಕ್ಕೆ ಹೋಗಿ ಶತ್ರು ಸೈನ್ಯದ ವೈದ್ಯರಾದರು. ಕ್ಲಬ್ ಅವರನ್ನು ತೆಗೆದುಹಾಕಿತು. ಒಂದು ವರ್ಷದ ಹಿಂದೆ ಒಂದೇ ರೈಲಿನಲ್ಲಿ ಬಫಲೋಗೆ ಹೋಗಿದ್ದವರು ಇವರು. ಆ ವರ್ಷ ಜಿಮ್‌ನ ದೊಡ್ಡ ಪಂದ್ಯ ಅಂದರೆ ಅಕ್ಟೋಬರ್‌ನಲ್ಲಿ ಹೊಬೋಕನ್‌ನಲ್ಲಿ ನ್ಯೂಯಾರ್ಕ್ ಮತ್ತು ಬ್ರೂಕ್ಲಿನ್ ಆಯ್ದ ತಂಡಗಳ ನಡುವೆ ಬೆಳ್ಳಿಯ ಚೆಂಡಿಗಾಗಿ ನಡೆದದ್ದು. ಬ್ರೂಕ್ಲಿನ್ 18-6ರಿಂದ ಗೆದ್ದಿತು. ಚೆಂಡು ಹಾಕಿದವನು ಜಿಮ್.

ಇನ್ನು 1862. ಇದನ್ನು ಹೇಳುವುದು ಕಷ್ಟ.

ಅಕ್ಟೋಬರ್ 14. ಎದುರಾಳಿ ಮಾರಿಸಾನಿಯಾದ ಯೂನಿಯನ್ ತಂಡ. ಬ್ಯಾಟ್ ಹಿಡಿದಾಗಲೆಲ್ಲ ಜಿಮ್ ಜೋರಾಗಿ ಹೊಡೆದ. ನಾಲ್ಕು ದಿನ ಕಳೆಯಿತು. ಅಕ್ಟೋಬರ್ 18ರಂದು, ಬ್ರೂಕ್ಲಿನ್‌ನ ಹೆನ್ರಿ ಸ್ಟ್ರೀಟಿನಲ್ಲಿದ್ದ ತಂದೆಯ ಮನೆಯಲ್ಲಿ ತೀರಿಕೊಂಡ. 21 ವರ್ಷ, ಆರು ತಿಂಗಳು.

ಆ ಪಂದ್ಯದ ದಿನ ಏನಾಯಿತು? ಅಟ್ಲಾಂಟಿಕ್ ತಂಡದಲ್ಲಿ ಆಡುತ್ತಿದ್ದ ಜ್ಯಾಕ್ ಚಾಪ್ಮನ್ ಅನ್ನುವವರು ಎಷ್ಟೋ ವರ್ಷಗಳ ಮೇಲೆ ನೆನಪಿಸಿಕೊಂಡ ಕಥೆ ಇದು. ಜಿಮ್ ಒಂದು ಹೋಮ್ ರನ್, ಅಂದರೆ ಒಂದೇ ಹೊಡೆತಕ್ಕೆ ಎಲ್ಲ ಬೇಸುಗಳನ್ನೂ ಸುತ್ತಿ ಬರುವ ಹೊಡೆತ, ಹೊಡೆದನಂತೆ. ಸುತ್ತು ಮುಗಿಸಿ ಬಂದವನು ಗೆಳೆಯ ಫ್ಲಾನ್ಲಿಗೆ, 'ನನ್ನ ಬೆಲ್ಟ್ ಕಿತ್ತುಹೋಯ್ತು ಅನ್ಸತ್ತೆ' ಅಂದನಂತೆ. ಫ್ಲಾನ್ಲಿ, 'ಹಾಗೇನೂ ಕಾಣಲ್ವಲ್ಲ' ಅಂದನಂತೆ. ಬೆಲ್ಟ್ ಗಟ್ಟಿಯಾಗಿಯೇ ಇತ್ತು. ಕಿತ್ತುಹೋದದ್ದು ಒಳಗೆ.

ಈ ಕಥೆ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಆದರೆ ಆ ಪಂದ್ಯದ ವರದಿಗಳನ್ನು ಕೆದಕಿದ ಸಂಶೋಧಕ ಟಾಮ್ ಶೀಬರ್ ಬೇರೆಯೇ ಮಾತು ಹೇಳುತ್ತಾರೆ. ಆ ದಿನ ಜಿಮ್ ಎರಡೆರಡು ಬೇಸಿನ ಹೊಡೆತಗಳನ್ನು ಹೊಡೆದದ್ದು ನಿಜ. ಹೋಮ್ ರನ್ನಿನ ಸುಳಿವೇ ಇಲ್ಲ. ಮೊದಲ ಇನಿಂಗ್ಸುಗಳಲ್ಲಿ ಅವನು ಪಿಚ್ ಕೂಡ ಮಾಡಿರಲಿಲ್ಲ. ಎರಡನೇ ಬೇಸಿನಲ್ಲಿ ನಿಂತಿದ್ದ, ಚೆಂಡು ಹಾಕುತ್ತಿದ್ದದ್ದು ಏಸಾ ಬ್ರೈನಾರ್ಡ್. ಜಿಮ್ ಚೆಂಡು ತೆಗೆದುಕೊಂಡದ್ದು ಆಮೇಲೆ. ತಂಡದ ಮುಖ್ಯ ಪಿಚರ್ ಮೊದಲು ಯಾಕೆ ಚೆಂಡು ಹಿಡಿಯಲಿಲ್ಲ? ಮೊದಲೇ ಎಲ್ಲೋ ನೋವಿತ್ತೇ? ನೋವು ಇಟ್ಟುಕೊಂಡೇ ಮೈದಾನಕ್ಕೆ ಇಳಿದಿದ್ದನೇ?

ಸಾವಿನ ಕಾರಣದ ಬಗ್ಗೆಯೂ ಆಗಲೇ ಎಳೆದಾಟ ನಡೆಯಿತು. ಬ್ರೂಕ್ಲಿನ್ ಈಗಲ್ ಪತ್ರಿಕೆ, ಯೂನಿಯನ್ ತಂಡದ ಜೊತೆಗಿನ ಪಂದ್ಯದಲ್ಲಿ ಬ್ಯಾಟ್ ಬೀಸುವಾಗ ಒಳಗೆ ಪೆಟ್ಟಾಯಿತು ಅಂತ ಬರೆಯಿತು. ಡಿಸೆಂಬರ್‌ನಲ್ಲಿ ನಡೆದ ಕ್ಲಬ್ಬುಗಳ ಸಭೆಯಲ್ಲಿ ಎಕ್ಸೆಲ್ಸಿಯರ್ ಅಧ್ಯಕ್ಷ ಡಾಕ್ಟರ್ ಜೋನ್ಸ್ ಎದ್ದು ನಿಂತು, ಪೆಟ್ಟಾದದ್ದು ಬೇಸ್‌ಬಾಲಿನಲ್ಲಿ ಅಲ್ಲ, ಕ್ರಿಕೆಟ್ ಆಡುವಾಗ ಅಂದರು. ಬೇಸ್‌ಬಾಲ್ ಅಪಾಯದ ಆಟ ಅಂತ ಹೆಸರು ಬಂದರೆ ಮನೆಯವರು ಹುಡುಗರನ್ನು ಕಳಿಸುತ್ತಾರೆಯೇ? ಆ ಚಿಂತೆ ಅವರಿಗೆ ಇದ್ದಿರಬೇಕು. ನನಗೆ ಮಾತ್ರ ಇದು ಬಹಳ ನೋವಿನ ಸಂಗತಿ ಅನ್ನಿಸುತ್ತದೆ. ಹುಡುಗ ಸತ್ತು ಎರಡು ತಿಂಗಳಾಗಿಲ್ಲ. ಅವನ ಸಾವನ್ನು ಯಾವ ಆಟದ ಲೆಕ್ಕಕ್ಕೆ ಬರೆಯಬೇಕು ಅನ್ನುವ ಮಾತು ಶುರುವಾಗಿದೆ.

ಹರ್ನಿಯಾ ಒಡೆದು ಹೀಗಾಗಿರಬಹುದು ಅನ್ನುವುದು ಈಗಿನವರ ಅಂದಾಜು. ಹೊಟ್ಟೆಯ ಕೆಳಭಾಗದ ಗೋಡೆ ಸಡಿಲವಾಗಿ, ಕರುಳಿನ ತುಂಡು ಹೊರಕ್ಕೆ ನುಸುಳಿ, ಅಲ್ಲೇ ಸಿಕ್ಕಿಕೊಂಡರೆ ರಕ್ತ ಹರಿಯುವುದು ನಿಲ್ಲುತ್ತದೆ. ಇವತ್ತು ಇದಕ್ಕೆ ತಕ್ಷಣ ಆಪರೇಷನ್ ಮಾಡುತ್ತಾರೆ, ಹೊತ್ತಿಗೆ ಸರಿಯಾಗಿ ಮಾಡಿದರೆ ಹೆಚ್ಚಿನವರು ಬದುಕುತ್ತಾರೆ. 1862ರಲ್ಲಿ ಅರಿವಳಿಕೆ ಬಂದು 16 ವರ್ಷ ಆಗಿತ್ತು. ಆದರೆ ಗಾಯಕ್ಕೆ ನಂಜು ಏರದ ಹಾಗೆ ನೋಡಿಕೊಳ್ಳುವ ಕ್ರಮವನ್ನು ಜೋಸೆಫ್ ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ. ಹೊಟ್ಟೆ ಕೊಯ್ದರೆ ಬದುಕುವ ಭರವಸೆ ಇಲ್ಲದ ಕಾಲ. ಮನೆಯವರಿಗೆ ಉಳಿದದ್ದು ಪಕ್ಕದಲ್ಲಿ ಕೂತಿರುವುದು ಒಂದೇ.

ಅವನ ಎರಡು ಗುಟ್ಟುಗಳು ಏನಾದವು ಅಂತ ಹೇಳುತ್ತೇನೆ. ಅವನು ಹೋದ ಒಂದೆರಡು ವರ್ಷದಲ್ಲೇ ಪಿಚರ್ ನಿಲ್ಲುವ ಜಾಗಕ್ಕೆ ಗೆರೆ ಎಳೆದರು, ಕೆಟ್ಟ ಚೆಂಡಿಗೆ ದಂಡ ತಂದರು. ಪಿಚರ್ ಎದುರಾಳಿ ಅಂತ ನಿಯಮವೇ ಒಪ್ಪಿಕೊಂಡ ಹಾಗಾಯಿತು. ಆಮೇಲೆ ಮಣಿಕಟ್ಟಿನ ತಿರುವಿಗೆ ಅನುಮತಿ ಸಿಕ್ಕಿತು. 1884ರಲ್ಲಿ ನ್ಯಾಷನಲ್ ಲೀಗ್ ಕೈ ಮೇಲಿಂದ ಎಸೆಯುವುದಕ್ಕೂ ಒಪ್ಪಿತು. 1893ರಲ್ಲಿ ಪಿಚರ್‌ನನ್ನು 60 ಅಡಿ 6 ಇಂಚಿಗೆ ಹಿಂದೆ ಸರಿಸಿದರು. ಇವತ್ತಿಗೂ ಅದೇ ದೂರ.

ದುಡ್ಡಿನ ಗುಟ್ಟು ಬಯಲಾದದ್ದು 1869ರಲ್ಲಿ. ಸಂಘ ವೃತ್ತಿಪರರಿಗೆ ಬಾಗಿಲು ತೆರೆಯಿತು. ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ತಂಡ ಎಲ್ಲ ಆಟಗಾರರಿಗೂ ರಾಜಾರೋಷವಾಗಿ ಸಂಬಳ ಕೊಟ್ಟು, ದೇಶ ಸುತ್ತಿ, ಆ ವರ್ಷ ಒಂದು ಪಂದ್ಯವನ್ನೂ ಸೋಲದೆ ಬಂತು. ಅದನ್ನು ಕಟ್ಟಿದ ಹ್ಯಾರಿ ರೈಟ್ ಸೇಂಟ್ ಜಾರ್ಜ್ ಕ್ರಿಕೆಟ್ ಕ್ಲಬ್ಬಿನಲ್ಲಿ ಬೆಳೆದವರು, ಅವರ ತಂದೆ ಅಲ್ಲಿ ಕ್ರಿಕೆಟ್ ವೃತ್ತಿಪರರು. ಆ ತಂಡದ ಪಿಚರ್ ಯಾರು ಗೊತ್ತೇ? ಏಸಾ ಬ್ರೈನಾರ್ಡ್. ಅಕ್ಟೋಬರ್ 14ರಂದು ಜಿಮ್‌ಗೆ ಚೆಂಡು ಕೊಟ್ಟು ಪಕ್ಕಕ್ಕೆ ಸರಿದ ಅದೇ ಬ್ರೈನಾರ್ಡ್. 1869ರಲ್ಲಿ ಅವರ ಸಂಬಳ 1,100 ಡಾಲರ್. ಲೆಕ್ಕದ ಪುಸ್ತಕದಲ್ಲಿ ಬರೆದು ಕೊಟ್ಟ ಸಂಬಳ.

ಜಿಮ್‌ನನ್ನು ಮಣ್ಣು ಮಾಡಿದ್ದು ಬ್ರೂಕ್ಲಿನ್‌ನ ಗ್ರೀನ್‌ವುಡ್ ಸ್ಮಶಾನದಲ್ಲಿ. ಗೆಳೆಯರು ಎತ್ತರದ ಕಲ್ಲಿನ ಕಂಬ ನಿಲ್ಲಿಸಿದರು. ಅದರ ಮೇಲೆ ಅಡ್ಡಡ್ಡ ಇಟ್ಟ ಎರಡು ಬ್ಯಾಟ್, ಒಂದು ಟೋಪಿ, ಒಂದು ಬೇಸ್, ಒಂದು ಸ್ಕೋರ್ ಪುಸ್ತಕ ಕೆತ್ತಿದೆ. ಮೇಲೆ ಕ್ಲಬ್ಬಿನ ಹೆಸರು. ತುದಿಯಲ್ಲಿ ಕಲ್ಲಿನ ಚೆಂಡು. 1866ರಲ್ಲಿ ವಾಷಿಂಗ್ಟನ್‌ನ ನ್ಯಾಷನಲ್ಸ್ ತಂಡ ಆಡಲು ಬಂದಾಗ ಎಕ್ಸೆಲ್ಸಿಯರ್‌ನವರು ಅವರನ್ನು ಮೊದಲು ಈ ಸಮಾಧಿಗೆ ಕರೆದುಕೊಂಡು ಹೋಗಿದ್ದರಂತೆ. ಹೆನ್ರಿ ಚಾಡ್ವಿಕ್ ಅವರ ಸಮಾಧಿಯೂ ಅದೇ ಸ್ಮಶಾನದಲ್ಲಿದೆ. ಅದರ ತುದಿಯಲ್ಲೂ ಒಂದು ಚೆಂಡು.

ಯಾವಾಗಲೋ ಜಿಮ್‌ನ ಕಂಬದ ತುದಿಯಿಂದ ಚೆಂಡು ಕಾಣೆಯಾಯಿತು. ಬಹಳ ವರ್ಷ ಕಂಬ ಬೋಳಾಗಿಯೇ ನಿಂತಿತ್ತು. 2014ರಲ್ಲಿ ಬೇಸ್‌ಬಾಲ್ ಇತಿಹಾಸದ ಮೇಲೆ ಪ್ರೀತಿ ಇರುವವರು ಸೇರಿ ಹೊಸದಾಗಿ ಒಂದು ಕಲ್ಲಿನ ಚೆಂಡು ಮಾಡಿಸಿ ಅಲ್ಲಿ ಇಟ್ಟರು. ಈಗ ಹೋದರೆ ಅದು ಕಾಣುತ್ತದೆ.

ಅಪ್ಪಾ ಮರಿ, ಆ ಟೆನಿಸ್ ಚೆಂಡು ನಿನ್ನ ಹತ್ತಿರವೇ ಇರಲಿ.